ಅಡಿಕೆಗೆ ಬಣ್ಣ: ಚೊಗರಿನ ಕೆಂಪು ಬೇರೆ, ಪುಡಿಯ ಕೆಂಪು ಬೇರೆ

ಕಳೆದ ಸೀಸನ್ನಿನ ಮಾತು. ಶಿವಮೊಗ್ಗ ಎಪಿಎಂಸಿಯ ಒಂದು ಮಂಡಿ. ಭದ್ರಾವತಿ ಕಡೆಯ ಹುಡುಗನೊಬ್ಬ 14 ಚೀಲ ಅಡಿಕೆ ಇಳಿಸಿದ್ದ. ಅಂದರೆ ಹತ್ತಿರ ಹತ್ತಿರ 10 ಕ್ವಿಂಟಲ್. ನೋಡೋಕೆ ಮಾಲು ಚೆನ್ನಾಗೇ ಇತ್ತು, ಒಳ್ಳೆ ಕೆಂಪು, ಒಳ್ಳೆ ಹೊಳಪು. ಮಾಲು ನೋಡೋ ಹಿರಿಯರು ಒಂದು ಮುಷ್ಟಿ ಎತ್ತಿಕೊಂಡರು. ಜೇಬಿಂದ ಕರ್ಚೀಫ್ ತೆಗೆದು, ತುದಿಯನ್ನ ನೀರಲ್ಲಿ ಅದ್ದಿ, ಎರಡು ಅಡಿಕೆ ಉಜ್ಜಿದರು. ಬಟ್ಟೆ ಕುಂಕುಮ ಹಚ್ಚಿದ ಹಾಗೆ ಆಯ್ತು. ಅವರು ಏನೂ ಬೈಲಿಲ್ಲ. ಅಡಿಕೆಯನ್ನ ವಾಪಸ್ ಚೀಲಕ್ಕೆ ಹಾಕಿ, ‘ಇದು ಬ್ಯಾಡಪ್ಪ’ ಅಂದು ಮುಂದಿನ ಲಾಟಿಗೆ ಹೋದರು.

ಹುಡುಗನ ಮುಖ ಬಿಳುಚಿಕೊಂಡಿತ್ತು. ‘ಸಾರ್, ಬಣ್ಣ ನಾನು ಹಾಕಿಲ್ಲ’ ಅಂದ. ಆಮೇಲೆ ಮಾತಾಡಿದಾಗ ಗೊತ್ತಾಗಿದ್ದು, ಅವನು ಹೇಳಿದ್ದು ನಿಜ. ಹಸಿಕಾಯಿ ಸುಲಿದು ಬೇಯಿಸಿ ಕೊಡೋರಿಗೆ ಕೂಲಿ ಲೆಕ್ಕದಲ್ಲಿ ಕೊಟ್ಟಿದ್ದ. ಅವರು ಎಲ್ಲಿಂದಲೋ ಒಂದು ಡ್ರಮ್ ಚೊಗರು ಕೊಂಡು ತಂದಿದ್ದರು. ಬಣ್ಣದ ಪುಡಿ ಇದ್ದಿದ್ದು ಆ ಡ್ರಮ್ಮಿನಲ್ಲಿ. ಆದರೆ ಚೀಲದ ಮೇಲೆ ಇದ್ದ ಹೆಸರು ಯಾರದು? ಇವನದೇ.

ಈ ವಾರ ಇದರ ಬಗ್ಗೆನೇ ಮಾತಾಡೋಣ. ಬಣ್ಣ ಯಾಕೆ ಹಾಕ್ತಾರೆ, ಹೇಗೆ ಸಿಕ್ಕಿಬೀಳುತ್ತೆ, ಹಾಕದೇ ಒಳ್ಳೆ ಕೆಂಪು ತರೋದು ಹೇಗೆ, ಗೊತ್ತಿಲ್ಲದೇ ನಮ್ಮ ಮಾಲಿಗೆ ಬಣ್ಣ ಸೇರದ ಹಾಗೆ ನೋಡಿಕೊಳ್ಳೋದು ಹೇಗೆ ಅಂತ.

ನಮ್ಮ ಕೆಂಪು ಎಲ್ಲಿಂದ ಬರುತ್ತೆ?

ಕರಾವಳಿ, ಕಾಸರಗೋಡು ಕಡೆ ಹಣ್ಣಡಿಕೆ ಒಣಗಿಸಿ ಸುಲಿದು ಚಾಲಿ ಮಾಡ್ತಾರೆ. ಅದು ಬಿಳಿ ಅಡಿಕೆ. ನಮ್ಮ ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ, ಚನ್ನಗಿರಿ ಕಡೆ ನಡೆಯೋದು ಕೆಂಪಡಿಕೆ. ಆರೇಳು ತಿಂಗಳ ಹಸಿರು ಕಾಯಿಯನ್ನ ಕೊಯ್ದು, ಸುಲಿದು, ಬೇಯಿಸಿ, ಒಣಗಿಸೋದು.

ಬೇಯಿಸುವಾಗ ಎಳೆ ಅಡಿಕೆಯಿಂದ ಒಗರು ನೀರಿಗೆ ಬಿಡುತ್ತೆ. ವಿಜ್ಞಾನಿಗಳು ಇದನ್ನ ಟ್ಯಾನಿನ್, ಪಾಲಿಫಿನಾಲ್ ಅಂತಾರೆ. ಅದೇ ನೀರಲ್ಲಿ ಮತ್ತೆ ಮತ್ತೆ ಅಡಿಕೆ ಬೇಯಿಸಿದಾಗ ನೀರು ಗಟ್ಟಿಯಾಗಿ, ಕಡುಗೆಂಪಾಗಿ, ಅಂಟಂಟಾಗುತ್ತೆ. ಅದೇ ಚೊಗರು. ಅಂದರೆ ಚೊಗರು ಹೊರಗಿಂದ ತಂದ ಬಣ್ಣ ಅಲ್ಲ, ಅಡಿಕೆಯ ಸ್ವಂತ ರಸ. ಅದನ್ನ ಅಡಿಕೆಗೇ ವಾಪಸ್ ಕುಡಿಸ್ತೀವಿ. ಬಿಸಿಲು, ಗಾಳಿ ತಾಗಿದಾಗ ಆ ರಸ ಇನ್ನೂ ಗಾಢವಾಗಿ ಹೊಳಪು ಕೊಡುತ್ತೆ.

ಇಲ್ಲೊಂದು ಮುಖ್ಯ ವಿಷಯ ಇದೆ. ಕಾಯಿ ಬಲಿತಷ್ಟೂ ಈ ಟ್ಯಾನಿನ್ ಕಮ್ಮಿ ಆಗ್ತಾ ಹೋಗುತ್ತೆ. ಎಳೆ ಕಾಯಿಗೆ ಕೆಂಪು ತಾನಾಗೇ ಬರುತ್ತೆ. ಬಲಿತ ಕಾಯಿಗೆ ಎಷ್ಟು ಬೇಯಿಸಿದರೂ ಪೂರ್ತಿ ಬರಲ್ಲ. ಬಣ್ಣದ ಪುಡಿಯ ಕಥೆ ಶುರುವಾಗೋದು ಇಲ್ಲೇ.

ಪುಡಿ ಯಾಕೆ ಬಂತು?

ಮಾರುಕಟ್ಟೆಯಲ್ಲಿ ನಮ್ಮ ಕೆಂಪಡಿಕೆಗೆ ನಾಲ್ಕು ಹೆಸರು ಓಡಾಡುತ್ತೆ: ಸರಕು (ಹಸ ಅಂತಲೂ ಅಂತೀವಿ), ಬೆಟ್ಟೆ, ರಾಶಿ ಇಡಿ, ಗೊರಬಲು. ಸರಕು ಎಲ್ಲಕ್ಕಿಂತ ಎಳೆಯದು, ದರವೂ ಮೇಲೆ. ಬಲಿತ, ಹಣ್ಣಾದ ಕಾಯಿಯದ್ದು ಗೊರಬಲು, ಅದರ ದರ ಎಲ್ಲಕ್ಕಿಂತ ಕೆಳಗೆ. ಹೆಚ್ಚು ವ್ಯಾಪಾರ ಆಗೋದು ರಾಶಿ ಇಡಿ. ರಾಶಿಗೂ ಗೊರಬಲಿಗೂ ಮಧ್ಯೆ ಕ್ವಿಂಟಲ್‌ಗೆ ಸಾವಿರಗಟ್ಟಲೆ ವ್ಯತ್ಯಾಸ ಇರುತ್ತೆ. ಗೊರಬಲಿಗೆ ಬಣ್ಣ ಹಚ್ಚಿ ರಾಶಿಯೊಳಗೆ ಸೇರಿಸಿದರೆ ಆ ವ್ಯತ್ಯಾಸ ಜೇಬಿಗೆ. ಇದು ಮೊದಲ ಕಾರಣ, ದುರಾಸೆಯ ಕಾರಣ.

ಆದರೆ ಎಲ್ಲರೂ ದುರಾಸೆಗೇ ಮಾಡ್ತಾರೆ ಅಂತ ಹೇಳೋಕೆ ಆಗಲ್ಲ. ಕೊನೆಗಾರರು ಸಿಗಲ್ಲ, ಕೊಯ್ಲು ಹದಿನೈದು ದಿನ ತಡ ಆಗುತ್ತೆ, ಅಷ್ಟರಲ್ಲಿ ಕಾಯಿ ಬಲಿತಿರುತ್ತೆ. ಬೇಯಿಸಿ ಹರವಿದ ದಿನವೇ ಮಳೆ ಹಿಡಿಯುತ್ತೆ, ಮೂರು ದಿನ ಟಾರ್ಪಲ್ ಕೆಳಗೆ ಕೂತ ಅಡಿಕೆ ಮಂಕಾಗಿ ಬೂಸ್ಟು ಹಿಡಿಯುತ್ತೆ. ಸೀಸನ್ನಿನ ಮೊದಲ ಬೇಯಿಸುವಿಕೆಗೆ ಚೊಗರೇ ಇರಲ್ಲ. ಭದ್ರಾ ನಾಲೆ ಕೆಳಗೆ ಭತ್ತದ ಗದ್ದೆ ತೆಗೆದು ಹೊಸದಾಗಿ ತೋಟ ಮಾಡಿದವರಲ್ಲಿ ಎಷ್ಟೋ ಮನೆಗೆ ಬೇಯಿಸೋ ಒಲೆಯೂ ಇಲ್ಲ, ಅಜ್ಜನ ಕಾಲದ ಚೊಗರಿನ ಹಂಡೆಯೂ ಇಲ್ಲ. ಹಾಗಾಗಿ ಚೇಣಿಗೆ ಕೊಡ್ತಾರೆ, ಇಲ್ಲಾ ಕೂಲಿಗೆ ಬೇಯಿಸ್ತಾರೆ. ಇಂಥ ಹೊತ್ತಲ್ಲಿ ಯಾರೋ ಒಬ್ಬರು ‘ಒಂದು ಹಿಡಿ ಪುಡಿ ಹಾಕಿ, ಎಲ್ಲ ಸರಿ ಹೋಗುತ್ತೆ’ ಅಂತಾರೆ.

ಸಿಗಾರಿನಲ್ಲೂ ಇದೇ ಕಥೆ

ಇದು ನಮ್ಮೂರಿನ ರೋಗ ಮಾತ್ರ ಅಲ್ಲ. ಸಿಗಾರಿನ ಮೇಲೆ ಸುತ್ತೋ ಹೊರ ಎಲೆ ಇರುತ್ತಲ್ಲ, ಅದು ಕಪ್ಪು ಕಂದಾಗಿದ್ದರೆ ಅದಕ್ಕೆ ‘ಮಡೂರೋ’ ಅಂತಾರೆ. ಸ್ಪ್ಯಾನಿಷ್‌ನಲ್ಲಿ ಹಾಗಂದರೆ ‘ಮಾಗಿದ್ದು’. ತಂಬಾಕಿನ ಎಲೆಯನ್ನ ದೊಡ್ಡ ಮೆದೆ ಒಟ್ಟಿ, ಅದರದ್ದೇ ಕಾವಿನಲ್ಲಿ ತಿಂಗಳುಗಟ್ಟಲೆ ಹುದುಗಿಸಿದರೆ ಆ ಬಣ್ಣ ತಾನಾಗೇ ಬರುತ್ತೆ. ಅಷ್ಟು ಕಾಯೋ ತಾಳ್ಮೆ ಇಲ್ಲದವರು ಎಲೆಗೆ ಬಣ್ಣ ಬಳಿದು ಅದೇ ಹೆಸರಲ್ಲಿ ಮಾರೋಕೆ ನೋಡ್ತಾರೆ. ಸೇದೋರು ಏನು ಮಾಡ್ತಾರೆ ಗೊತ್ತಾ? ಒದ್ದೆ ಟಿಶ್ಯೂ ಪೇಪರ್ ತಗೊಂಡು ಸಿಗಾರನ್ನ ಒರೆಸಿ ನೋಡ್ತಾರೆ. ಬಣ್ಣ ಜೋರಾಗಿ ಬಂದರೆ ಅನುಮಾನ ಶುರು. ನಮ್ಮ ಮಂಡಿಯ ಹಿರಿಯರ ಕರ್ಚೀಫೂ ಅದೇ ಕೆಲಸ ಮಾಡಿದ್ದು. ಕಾಲ ಕೊಡಬೇಕಾದ ಬಣ್ಣವನ್ನ ಡಬ್ಬಿಯಿಂದ ತೆಗೆದರೆ, ಒಂದು ಹನಿ ನೀರು ಸಾಕು ಬಯಲು ಮಾಡೋಕೆ.

ಪುಡಿಯಲ್ಲಿ ಏನಿರುತ್ತೆ?

ಹಳೇ ಮನೆಗಳ ಕೆಂಪು ಗಾರೆ ನೆಲ ನೋಡಿದೀರಲ್ಲ? ಅದಕ್ಕೆ ಹಾಕ್ತಿದ್ದಿದ್ದು ರೆಡ್ ಆಕ್ಸೈಡ್. ಅದು ಕಬ್ಬಿಣದ ಆಕ್ಸೈಡ್, ಕೆಮ್ಮಣ್ಣಿನ ಕೆಂಪೂ ಅದೇ. ಕೆಮ್ಮಣ್ಣುಗುಂಡಿಯ ಅದಿರಿನಿಂದ ಕಬ್ಬಿಣ ಮಾಡಿದ ಊರು ಭದ್ರಾವತಿ. ನೆಲಕ್ಕೂ ಕಾರ್ಖಾನೆಗೂ ಅದು ಸರಿ. ತಿನ್ನೋ ವಸ್ತುವಿಗೆ ಅಲ್ಲ. ಪೇಂಟ್ ಅಂಗಡಿಯ ಆಕ್ಸೈಡ್ ಶುದ್ಧ ಇರಬೇಕಂತ ಯಾರೂ ನೋಡಲ್ಲ, ಅದರಲ್ಲಿ ಸೀಸದಂಥ ಭಾರ ಲೋಹಗಳೂ ಇರಬಹುದು.

ಇನ್ನೊಂದು ಜಾತಿ, ನೀರಲ್ಲಿ ಕರಗೋ ಕೃತಕ ಬಣ್ಣಗಳು. ಹೆಸರಿಲ್ಲದ ಪೊಟ್ಟಣದಲ್ಲಿ ಬರೋ ಇವು ತಿನ್ನೋ ಬಣ್ಣವೋ, ಬಟ್ಟೆ ಬಣ್ಣವೋ ಹೇಳೋಕೆ ಆಗಲ್ಲ. ಗೋಬಿ ಮಂಚೂರಿ, ಬಾಂಬೆ ಮಿಠಾಯಿ ವಿಷಯದಲ್ಲಿ 2024ರ ಮಾರ್ಚ್‌ನಲ್ಲಿ ಆಗಿದ್ದು ನೆನಪಿದೆಯಲ್ಲ? ಗೋಬಿಗೆ ಕೃತಕ ಬಣ್ಣ, ಮಿಠಾಯಿಗೆ ರೋಡಮೈನ್-ಬಿ ಹಾಕೋ ಹಾಗಿಲ್ಲ ಅಂತ ರಾಜ್ಯ ಸರ್ಕಾರ ಆದೇಶ ಮಾಡಿತು. ರಸ್ತೆ ಬದಿಯ ಗೋಬಿ ಗಾಡಿಯನ್ನೇ ಬಿಡದ ಕಾನೂನು ಅಡಿಕೆಯನ್ನ ಬಿಡುತ್ತೆ ಅಂದುಕೊಳ್ಳೋದು ತಪ್ಪು.

ನಮ್ಮ ಕೆಂಪಡಿಕೆ ಹೆಚ್ಚಾಗಿ ಹೋಗೋದು ಉತ್ತರ ಭಾರತದ ಪಾನ್ ಮಸಾಲಾ, ಸುಪಾರಿ ತಯಾರಕರಿಗೆ. ಪಾನ್ ಮಸಾಲಾದಲ್ಲಿ ಕೋಲ್‌ತಾರ್ ಬಣ್ಣ ಇರಬಾರದು ಅಂತ ಕೇಂದ್ರದ ಆಹಾರ ಗುಣಮಟ್ಟ ನಿಯಮದಲ್ಲೇ ಇದೆ. ಅವರ ಲ್ಯಾಬಲ್ಲಿ ಬಣ್ಣ ಸಿಕ್ಕಿದರೆ ಲೋಡು ವಾಪಸ್. ಆ ನಷ್ಟ ಮೇಲಿಂದ ಕೆಳಗೆ ಇಳೀತಾ ಕೊನೆಗೆ ನಮ್ಮ ದರದಲ್ಲೇ ಕಡಿತ ಆಗುತ್ತೆ. ಹಾಕಿದವನಿಗೂ ಕಡಿತ, ಹಾಕದವನಿಗೂ ಕಡಿತ.

ಒಂದು ಮಾತು ನೇರವಾಗಿ ಹೇಳ್ತೀವಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಆ ಚರ್ಚೆ ನಮ್ಮ ಬೆಳೆಯ ತಲೆ ಮೇಲೆ ಕತ್ತಿ ಥರ ತೂಗ್ತಾ ಇದೆ. ಅದರ ಮೇಲೆ ನಾವೇ ನೆಲದ ಬಣ್ಣ ಬೆರೆಸಿದರೆ, ನಾಳೆ ಬೆಳೆಗಾರರ ಪರ ಮಾತಾಡೋರು ಯಾವ ಮುಖ ಇಟ್ಟುಕೊಂಡು ಮಾತಾಡಬೇಕು?

ಕಾನೂನು ರೈತರಿಗೆ ಅನ್ವಯಿಸುತ್ತಾ?

ಬಹಳ ಜನ ಕೇಳೋ ಪ್ರಶ್ನೆ. 2006ರ ಆಹಾರ ಸುರಕ್ಷತೆ ಕಾಯ್ದೆಯ 18ನೇ ಸೆಕ್ಷನ್ನಿನಲ್ಲಿ ರೈತ ತನ್ನ ಹೊಲದ ಮಟ್ಟದಲ್ಲಿ ಬೆಳೆದ ಬೆಳೆಗೆ ವಿನಾಯಿತಿ ಇದೆ, ನಿಜ. ಆದರೆ ಚೇಣಿದಾರ, ವ್ಯಾಪಾರಿ, ಕಾರ್ಖಾನೆ ಇವರಿಗೆಲ್ಲ ಆ ವಿನಾಯಿತಿ ಇಲ್ಲ. ಕಲಬೆರಕೆ ವಸ್ತು ಇಟ್ಟುಕೊಂಡವರಿಗೆ ಅದೇ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ 2 ಲಕ್ಷದವರೆಗೆ, ಅದು ಆರೋಗ್ಯಕ್ಕೆ ಹಾನಿ ಮಾಡೋದಾದರೆ 10 ಲಕ್ಷದವರೆಗೆ ದಂಡ. ಸ್ವಂತ ತೋಟದ ಅಡಿಕೆ ಜೊತೆ ನಾಲ್ಕು ಮನೆಯ ಹಸಿಕಾಯಿ ಕೊಂಡು ಬೇಯಿಸೋ ಯುವಕರು ನಮ್ಮಲ್ಲಿ ಬಹಳ ಇದ್ದಾರೆ. ನೆನಪಿಡಿ, ಆ ಹೊತ್ತಿಗೆ ನೀವು ಬರೀ ರೈತ ಅಲ್ಲ, ವ್ಯಾಪಾರಿನೂ ಹೌದು.

ಲೆಕ್ಕ ಹಾಕಿ ನೋಡೋಣ

ನೀತಿ ಪಾಠ ಪಕ್ಕಕ್ಕಿಡಿ, ಬರೀ ದುಡ್ಡಿನ ಲೆಕ್ಕ ಮಾಡೋಣ. ಇವು ಲೆಕ್ಕಕ್ಕೆ ಇಟ್ಟುಕೊಂಡ ಅಂಕಿ, ಇವತ್ತಿನ ದರ ಅಲ್ಲ.

ನಿಮ್ಮ ಹತ್ತಿರ 10 ಕ್ವಿಂಟಲ್ ಇದೆ. ಒಳ್ಳೆ ಬಣ್ಣದ ರಾಶಿಗೆ ಕ್ವಿಂಟಲ್‌ಗೆ 50,000 ರೂಪಾಯಿ. ನಿಮ್ಮದು ಸ್ವಲ್ಪ ಮಂಕು, ಹಾಗಾಗಿ 48,000.

- ಹಾಗೇ ಮಾರಿದರೆ: 4,80,000 ರೂ.
- ಬಣ್ಣ ಹಾಕಿ, ಯಾರಿಗೂ ಗೊತ್ತಾಗದಿದ್ದರೆ: 5,00,000 ರೂ. ಲಾಭ 20,000.
- ಬಣ್ಣ ಹಾಕಿ ಸಿಕ್ಕಿಬಿದ್ದು, ಕೊನೆಗೆ ಯಾರಿಗೋ 42,000ಕ್ಕೆ ಕೊಟ್ಟರೆ: 4,20,000 ರೂ. ಗಾಡಿ ಬಾಡಿಗೆ, ಹಮಾಲಿ 5,000 ಕಳೆದರೆ 4,15,000. ನಷ್ಟ 65,000.

ನಾಲ್ಕು ಸಲ ಹಾಕಿ ಮೂರು ಸಲ ಬಚಾವಾದರೆ 60,000 ಬಂತು. ನಾಲ್ಕನೇ ಸಲ ಸಿಕ್ಕಿಬಿದ್ದರೆ 65,000 ಹೋಯ್ತು. ಮೂರು ಸಲ ದಕ್ಕಿಸಿಕೊಂಡ ಮೇಲೂ ಕೈಯಿಂದ 5,000 ಹೋಗಿರುತ್ತೆ. ಹೆಸರು ಕೆಟ್ಟಿದ್ದಕ್ಕೆ ಇಲ್ಲಿ ಬೆಲೆನೇ ಹಾಕಿಲ್ಲ. ಮಂಡಿಯಲ್ಲಿ ಒಮ್ಮೆ ‘ಬಣ್ಣದ ಪಾರ್ಟಿ’ ಅನ್ನಿಸಿಕೊಂಡರೆ ಮುಂದಿನ ವರ್ಷ ಸಾಚಾ ಮಾಲು ತಂದರೂ ಮೊದಲು ಕರ್ಚೀಫೇ ಹೊರಗೆ ಬರೋದು.

ಮನೆಯಲ್ಲೇ ಪರೀಕ್ಷೆ

ಮಾರೋಕೆ ಹೋಗೋ ಮುಂಚೆ, ಅಥವಾ ಕೂಲಿಗೆ ಬೇಯಿಸಿದ ಮಾಲು ವಾಪಸ್ ತಗೊಳ್ಳೋ ಮುಂಚೆ, ಹತ್ತು ನಿಮಿಷ ಇಷ್ಟು ಮಾಡಿ:

1. ಒಣ ಕೈ: ಒಂದು ಮುಷ್ಟಿ ಅಡಿಕೆ ಜೋರಾಗಿ ಉಜ್ಜಿ. ಅಂಗೈಗೆ ಇಟ್ಟಿಗೆ ಪುಡಿ ಥರ ಕೆಂಪು ಧೂಳು ಅಂಟಿದರೆ ಆಕ್ಸೈಡ್ ಅನುಮಾನ.
2. ಒದ್ದೆ ಬಿಳಿ ಬಟ್ಟೆ: ಚೊಗರಿನ ಕಲೆ ಕಂದು, ಟೀ ಚೆಲ್ಲಿದ ಹಾಗೆ. ಗುಲಾಬಿ ಇಲ್ಲಾ ಕುಂಕುಮದ ಬಣ್ಣ ಬಂದರೆ ಅದು ಅಡಿಕೆಯದ್ದಲ್ಲ.
3. ಗಾಜಿನ ಲೋಟ: ಐದಾರು ಅಡಿಕೆ ತಣ್ಣೀರಿಗೆ ಹಾಕಿ ಅಲ್ಲಾಡಿಸದೇ ಬಿಡಿ. ಚೊಗರು ನಿಧಾನಕ್ಕೆ ಕಂದು ಬಿಡುತ್ತೆ. ಕೃತಕ ಬಣ್ಣ ಹಾಕಿದ ತಕ್ಷಣ ಎಳೆ ಎಳೆಯಾಗಿ ಇಳಿಯುತ್ತೆ. ಆಕ್ಸೈಡ್ ಕರಗಲ್ಲ, ತಳದಲ್ಲಿ ಕೆಂಪು ಮಡ್ಡಿಯಾಗಿ ಕೂರುತ್ತೆ.
4. ಕತ್ತರಿಸಿ ನೋಡಿ: ಹೊರಗೆ ಕಡುಗೆಂಪು, ಒಳಗೆ ಬಲಿತ ಬಿಳಿ ಇದ್ದರೆ ಆ ಕೆಂಪು ಎಲ್ಲಿಂದ ಬಂತು ಅಂತ ಕೇಳಿ.

ಎಚ್ಚರ, ನೀರು ಕಂದಾಯ್ತು ಅಂದ ಮಾತ್ರಕ್ಕೆ ಕಲಬೆರಕೆ ಅಲ್ಲ. ಒಳ್ಳೆ ಚೊಗರಡಿಕೆನೂ ಬಣ್ಣ ಬಿಡುತ್ತೆ. ವಾಟ್ಸಾಪಲ್ಲಿ ಒಂದು ಲೋಟದ ವಿಡಿಯೋ ಹಾಕಿ ಪಕ್ಕದ ಮನೆಯವರ ಮರ್ಯಾದೆ ತೆಗೀಬೇಡಿ. ಇವು ಅನುಮಾನ ಹುಟ್ಟಿಸೋ ಪರೀಕ್ಷೆಗಳು ಅಷ್ಟೇ. ಪಕ್ಕಾ ಹೇಳಬೇಕಂದರೆ ಲ್ಯಾಬೇ ಆಗಬೇಕು.

ಪುಡಿ ಇಲ್ಲದೇ ಒಳ್ಳೆ ಕೆಂಪು: ಏಳು ಕೆಲಸ

ಕೊಯ್ಲಿನ ಹದ. ಬಣ್ಣದ ಮುಕ್ಕಾಲು ಕೆಲಸ ಮರದ ಮೇಲೇ ಮುಗಿದಿರುತ್ತೆ. ಎಲ್ಲ ಗೊನೆ ಒಟ್ಟಿಗೆ ಹದಕ್ಕೆ ಬರಲ್ಲ. ಒಂದೇ ಸಲ ಎಲ್ಲ ಇಳಿಸಿ ಕೂಲಿ ಉಳಿಸೋಕೆ ಹೋದರೆ ಅರ್ಧ ಕಾಯಿ ಎಳೆಯದು, ಅರ್ಧ ಬಲಿತದ್ದು. ಸುತ್ತು ಸುತ್ತಾಗಿ ಕೊಯ್ಯಿರಿ. ಕೊನೆಗಾರರನ್ನ ಸೀಸನ್ ಶುರು ಆಗೋ ಮುಂಚೆನೇ ಗೊತ್ತು ಮಾಡಿಕೊಳ್ಳಿ. ನಾಲ್ಕೈದು ತೋಟದವರು ಸೇರಿ ಒಂದು ತಂಡ ಹಿಡಿದರೆ ಇನ್ನೂ ಸಲೀಸು.

ರಾಶಿ ಹಾಕಿ ಬಿಡಬೇಡಿ. ಹಸಿಕಾಯಿ ಗುಡ್ಡೆಯಲ್ಲಿ ಕಾವೇರುತ್ತೆ. ಸುಲಿಯೋ ಮೆಷಿನ್ ಯಾವತ್ತು ಸಿಗುತ್ತೆ ಅಂತ ಕೇಳಿಕೊಂಡೇ ಕೊಯ್ಲು ಇಟ್ಟುಕೊಳ್ಳಿ.

ಬೇಯಿಸೋ ಮುಂಚೆ ಬೇರ್ಪಡಿಸಿ. ಬಲಿತದ್ದು, ಹಣ್ಣು, ಉದುರಿದ್ದು ಎಲ್ಲ ಪಕ್ಕಕ್ಕೆ. ಅದನ್ನ ಬೇರೆ ಬೇಯಿಸಿ ಗೊರಬಲು ಅಂತಲೇ ಮಾರಿ. ಗೊರಬಲಿಗೂ ಗಿರಾಕಿ ಇದ್ದಾರೆ. ರಾಶಿಯಲ್ಲಿ ಕದ್ದು ಸೇರಿಸಿದ ಗೊರಬಲಿಗೆ ಮಾತ್ರ ಗಿರಾಕಿ ಇಲ್ಲ.

ಪಾತ್ರೆ. ಹಿರಿಯರು ತಾಮ್ರದ ಹಂಡೆಯಲ್ಲಿ ಬೇಯಿಸ್ತಿದ್ದಿದ್ದು ಸುಮ್ಮನೆ ಅಲ್ಲ. ಕಬ್ಬಿಣಕ್ಕೆ ಟ್ಯಾನಿನ್ ತಾಗಿದರೆ ಬಣ್ಣ ಕಪ್ಪಿಗೆ ತಿರುಗುತ್ತೆ. ತುಕ್ಕು ಹಿಡಿದ ಡ್ರಮ್ಮಲ್ಲಿ ಬೇಯಿಸಿ ‘ಬಣ್ಣ ಬರಲಿಲ್ಲ’ ಅಂದರೆ ತಪ್ಪು ಅಡಿಕೆಯದ್ದಲ್ಲ.

ಚೊಗರು ಉಳಿಸಿಕೊಳ್ಳಿ. ಸೀಸನ್ನಿನ ಕೊನೆಯ ಗಟ್ಟಿ ಚೊಗರನ್ನ ಸೋಸಿ, ಶುದ್ಧವಾದ ಡ್ರಮ್ಮಿನಲ್ಲಿ ಮುಚ್ಚಿ ಮುಂದಿನ ವರ್ಷದ ಮೊದಲ ಬೇಯಿಸುವಿಕೆಗೆ ಇಟ್ಟುಕೊಳ್ಳಿ. ಔಷಧಿ, ಗೊಬ್ಬರದ ಡ್ರಮ್ ಬೇಡವೇ ಬೇಡ. ಚೊಗರು ಕೊಳ್ಳಲೇಬೇಕಾದರೆ ಗುರುತಿನ ಮನೆಯಿಂದ ಕೊಳ್ಳಿ. ಗಾಜಿನ ಲೋಟಕ್ಕೆ ಸ್ವಲ್ಪ ನೀರು ಹಾಕಿ ಒಂದು ಚಮಚ ಚೊಗರು ಬೆರೆಸಿ ನೋಡಿ. ಬಟ್ಟೆ ಪರೀಕ್ಷೆಯ ಹಾಗೇ, ಕಂದು ಸರಿ, ಗುಲಾಬಿ ತಪ್ಪು, ತಳದಲ್ಲಿ ಕೆಂಪು ಮಡ್ಡಿ ಇದ್ದರೆ ಡ್ರಮ್ ವಾಪಸ್.

ಒಣಗಿಸೋದು. ನೆಲಕ್ಕೆ ತಾಗದ ಹಾಗೆ ಅಟ್ಟ ಹಾಕಿ, ತೆಳ್ಳಗೆ ಹರವಿ, ದಿನಾ ಕೈಯಾಡಿಸಿ. ಸಂಜೆ ಇಬ್ಬನಿ ಬೀಳೋ ಮುಂಚೆ ಮುಚ್ಚಿ, ಬೆಳಿಗ್ಗೆ ಬಿಸಿಲು ಬಂದ ಕೂಡಲೇ ತೆಗೀರಿ. ಮಳೆಗೆ ಸಿಗೋ ಜಾಗ ಆದರೆ ಪಾಲಿಹೌಸ್ ಮಾದರಿಯ ಒಣಗಿಸೋ ಮನೆ ಒಳ್ಳೇದು. ಒಬ್ಬರಿಗೆ ಭಾರ ಅನ್ನಿಸಿದರೆ ಅಣ್ಣತಮ್ಮಂದಿರು, ಅಕ್ಕಪಕ್ಕದವರು ಸೇರಿ ಮಾಡಿಕೊಳ್ಳಬಹುದು.

ಸಂಗ್ರಹ. ಅರೆಬರೆ ಒಣಗಿದ್ದನ್ನ ಚೀಲಕ್ಕೆ ತುಂಬಬೇಡಿ. ಕಚ್ಚಿದರೆ ‘ಕಟ್’ ಅನ್ನಬೇಕು. ಚೀಲದ ಕೆಳಗೆ ಹಲಗೆ ಇರಲಿ, ಗೋಡೆಯಿಂದ ಒಂದು ಅಡಿ ದೂರ ಇರಲಿ.

ಕೂಲಿಗೆ ಬೇಯಿಸೋರಿಗೆ ಮೊಬೈಲೇ ಸಾಕ್ಷಿ

ಶುರುವಲ್ಲಿ ಹೇಳಿದ ಹುಡುಗನ ಗತಿ ನಿಮಗೆ ಬರಬಾರದು ಅಂದರೆ:

- ಮಾಲು ಕೊಡುವಾಗಲೇ ‘ಪುಡಿ, ಬಣ್ಣ ಹಾಕೋ ಹಾಗಿಲ್ಲ, ಹಾಕಿದರೆ ಮಾಲಿನ ನಷ್ಟ ನಿಮ್ಮದು’ ಅಂತ ವಾಟ್ಸಾಪಲ್ಲಿ ಬರೆದು ಕಳಿಸಿ, ‘ಆಯ್ತು’ ಅಂತ ಉತ್ತರ ತಗೊಳ್ಳಿ. ಬಾಯಿ ಮಾತು ಬೇಡ.
- ಹಸಿಕಾಯಿಯ ತೂಕದ ಚೀಟಿ ಫೋಟೋ ತೆಗೆದಿಡಿ. ಸಾಮಾನ್ಯವಾಗಿ ಒಂದು ಕ್ವಿಂಟಲ್ ಹಸಿಕಾಯಿಗೆ 12ರಿಂದ 13 ಕೆಜಿ ಒಣ ಅಡಿಕೆ ಬರುತ್ತೆ. ಲೆಕ್ಕ ತೀರಾ ಆಚೀಚೆ ಆದರೆ ಬೇರೆಯವರ ಮಾಲು ಸೇರಿರಬಹುದು.
- ಬೇಯಿಸೋ ದಿನ ಒಮ್ಮೆಯಾದರೂ ಹೋಗಿ ಬನ್ನಿ. ಹಂಡೆ, ಚೊಗರಿನ ಡ್ರಮ್, ಅಕ್ಕಪಕ್ಕ ಬಿದ್ದಿರೋ ಪೊಟ್ಟಣ ನೋಡಿ.
- ಪ್ರತಿ ಬೇಯಿಸುವಿಕೆಯಿಂದ ಒಂದು ಕೆಜಿ ಸ್ಯಾಂಪಲ್ ಬೇರೆ ಕವರಲ್ಲಿ ಹಾಕಿ ತಾರೀಖು ಬರೆದಿಡಿ. ಯಾವ ಕಂತಿನಲ್ಲಿ ತೊಂದರೆ ಆಯ್ತು ಅಂತ ಹೇಳೋಕೆ ಇದೊಂದೇ ದಾರಿ.
- ಕೃಷಿ ಮಾರಾಟ ವಾಹಿನಿಯಲ್ಲಿ ಶಿವಮೊಗ್ಗ, ಭದ್ರಾವತಿ ಮಾರುಕಟ್ಟೆಯ ಗ್ರೇಡ್‌ವಾರು ದರ ನೋಡಿಕೊಂಡೇ ಹೊರಡಿ. ನಿಮ್ಮ ಮಂಕು ಮಾಲಿಗೆ ನಿಜವಾಗಿ ಎಷ್ಟು ಕಡಿತ ಅಂತ ಗೊತ್ತಿದ್ದರೆ ಪುಡಿಯ ಆಸೆ ಅರ್ಧ ಇಳಿದು ಹೋಗುತ್ತೆ.

ಬಣ್ಣ ಸೇರಿದ್ದು ಈಗಾಗಲೇ ಗೊತ್ತಾಗಿದ್ದರೆ ಅದನ್ನ ಬೇರೆ ಮಾಲಿನ ಜೊತೆ ಸೇರಿಸಿ ಮುಚ್ಚೋಕೆ ಹೋಗಬೇಡಿ. ಒಳ್ಳೇದೂ ಕೆಡುತ್ತೆ. ಆ ಚೊಗರನ್ನ ಮತ್ತೆ ಬಳಸಬೇಡಿ, ಕೆರೆಗೂ ನಾಲೆಗೂ ಬಿಡಬೇಡಿ. ಮಂಡಿಯಲ್ಲಿ ನೀವೇ ಮೊದಲು ಹೇಳಿ. ಸಿಕ್ಕಿಬಿದ್ದು ಹೇಳೋದಕ್ಕೂ ಮೊದಲೇ ಹೇಳೋದಕ್ಕೂ ಬಹಳ ವ್ಯತ್ಯಾಸ ಇದೆ.

ಹೆಸರು ಯಾರದು?

ಶಿವಮೊಗ್ಗದಲ್ಲಿ ಬೆಳೆಗಾರರ ಸಹಕಾರಿ ಸಂಘ ಮ್ಯಾಮ್‌ಕೋಸ್ ಹುಟ್ಟಿದ್ದು 1939ರಲ್ಲಿ, ಮಂಗಳೂರಿನ ಕ್ಯಾಂಪ್ಕೋ 1973ರಲ್ಲಿ. ದಲ್ಲಾಳಿ ಹೇಳಿದ್ದೇ ದರ ಅನ್ನೋ ಕಾಲದಲ್ಲಿ ನಮ್ಮ ಅಜ್ಜಂದಿರು ಒಟ್ಟಾಗಿ, ‘ನಮ್ಮ ಮಾಲಿಗೆ ನಮ್ಮದೇ ಬೆಲೆ’ ಅನ್ನೋ ಸ್ಥಿತಿ ತಂದರು. ಪಕ್ಕದ ಶಿರಸಿಯ ಅಡಿಕೆಗೆ 2019ರಲ್ಲಿ ಜಿಐ ಗುರುತು ಸಿಕ್ಕಿತು. ಅಗ್ಗದ ವಿದೇಶಿ ಅಡಿಕೆ ತಡೀರಿ ಅಂತ ಬೆಳೆಗಾರರು ಕೇಳಿ ಕೇಳಿ, 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಕನಿಷ್ಠ ಆಮದು ಬೆಲೆಯನ್ನ ಕೆಜಿಗೆ 251 ರೂಪಾಯಿಂದ 351ಕ್ಕೆ ಏರಿಸಿತು. ನಮ್ಮ ಅಡಿಕೆ ಗುಣದಲ್ಲಿ ಮೇಲು ಅಂತ ಹೇಳಿಕೊಂಡೇ ಇಷ್ಟೆಲ್ಲ ಗಳಿಸಿದ್ದು. ಒಂದು ಹಿಡಿ ಪುಡಿ ಆ ಮಾತನ್ನ ಸುಳ್ಳು ಮಾಡಬಾರದು.

ಆ ಹುಡುಗ ಏನು ಮಾಡಿದ ಅಂತ ಕೇಳ್ತೀರಾ? 14 ಚೀಲ ವಾಪಸ್ ತಗೊಂಡು ಹೋಗಿ, ಬಣ್ಣ ಇದೆ ಅಂತ ಹೇಳಿಯೇ ಕಮ್ಮಿ ದರಕ್ಕೆ ಕೊಟ್ಟ. ನಷ್ಟ ಆಯ್ತು. ಈ ಸಲ ಮೂರು ಮನೆಯವರು ಸೇರಿ ಒಂದು ಒಲೆ ಕಟ್ಟಿಸಿದ್ದಾರೆ. ‘ಮೊದಲ ಬೇಯಿಸುವಿಕೆಗೆ ಬಣ್ಣ ಸುಮಾರಾಗಿ ಬಂತು ಸಾರ್, ಚೊಗರು ಇನ್ನೂ ಗಟ್ಟಿ ಆಗಬೇಕು’ ಅಂತ ಫೋಟೋ ಕಳಿಸಿದ್ದ. ಸುಮಾರಾದರೇನು, ಆ ಅಡಿಕೆಯನ್ನ ಯಾರ ಕರ್ಚೀಫಿಗೆ ಬೇಕಾದರೂ ಕೊಡಬಹುದು.

ಈ ವಾರದ ಕೆಲಸ ಇಷ್ಟೇ: ಮನೆಯಲ್ಲಿರೋ ಮಾಲಿನಿಂದ ಐದು ಅಡಿಕೆ, ಒಂದು ಗಾಜಿನ ಲೋಟ, ಒಂದು ಬಿಳಿ ಬಟ್ಟೆ. ಹತ್ತು ನಿಮಿಷ ನೋಡಿ. ಮಂಡಿಯವರು ನೋಡೋ ಮುಂಚೆ ನಾವೇ ನೋಡಿಕೊಳ್ಳೋಣ.